ಹಿಂದಿನ ಬಾಗಿಲಿನ ಪಾಯಿಂಟ್

ನನ್ನನ್ನು ಹಿಡಿಯುವ ಬಲೆಯನ್ನು ನನ್ನ ಕೈಯಿಂದಲೇ ಹೆಣೆಸಿದರು. ಇಷ್ಟು ಹೇಳಿದರೆ ನಮ್ಮ ಮನೆಯವರ ಹಕೀಕತ್ತು ನಿಮಗೆ ತಿಳಿದಂತಾಯಿತು.

ನಾನು ಭುವನೇಶ್ವರಿ. ಹುಮನಾಬಾದಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಬಾಗಿಲು, ಕ್ಯಾಮೆರಾ, ಥಂಡಿ ಯಂತ್ರ ಎಲ್ಲವನ್ನೂ ಒಂದೇ ಕಡೆ ಕೂತು ನೋಡುವ ಸಾಫ್ಟ್‌ವೇರ್ ನನ್ನ ಸುಪರ್ದಿಯಲ್ಲಿತ್ತು. ಮನೆ ಬಸವಕಲ್ಯಾಣದಲ್ಲಿ. ಕೆಳಗೆ ಮಾವ ಮಹಾರುದ್ರಪ್ಪನವರ ಬಟ್ಟೆ ಅಂಗಡಿ, ಮೇಲೆ ನಾವು. ನನ್ನ ಗಂಡ ಸತೀಶಕುಮಾರ ಕೆಲಸಕ್ಕೆ ಒಪ್ಪಿದ್ದು ಒಂದೇ ಕರಾರಿನ ಮೇಲೆ. ದೀಪ ಹಚ್ಚುವುದರೊಳಗೆ ಮನೆಯಲ್ಲಿರಬೇಕು, ತಪ್ಪಿದರೆ ಕೆಲಸ ಬಿಡಬೇಕು. ಹುಮನಾಬಾದಿನ ಬಸ್ಸಿಗೆ ದೀಪವೂ ಗೊತ್ತಿಲ್ಲ, ನನ್ನ ಅತ್ತೆಯೂ ಗೊತ್ತಿಲ್ಲ. ತಡವಾದ ದಿನ ಹಿಂದಿನ ಬಾಗಿಲಿನಿಂದ ಮೆಲ್ಲಗೆ ಬಂದು, ಮುಖ ತೊಳೆದು, ಆಗಿನಿಂದಲೂ ಅಲ್ಲೇ ಇದ್ದವಳ ಹಾಗೆ ಒಲೆಯ ಮುಂದೆ ನಿಲ್ಲುತ್ತಿದ್ದೆ. ಆ ಹೊತ್ತಿಗೆ ಅತ್ತೆ ಪಾರ್ವತಿಬಾಯಿ ದೇವರ ಜಗಲಿಯ ಮುಂದೆ ಪೂಜೆಗೆ ಕೂತಿರುತ್ತಿದ್ದರು. ಅವರಿಗೆ ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಪಕ್ಕದ ಓಣಿಯಲ್ಲಿ ಕಳವಾಯಿತೆಂದು ಮಾವ ಅಂಗಡಿಗೂ ಮನೆಗೂ ಅಂಥದೇ ಸಾಮಾನು ತರಿಸಿದರು. ಬಾಗಿಲುಗಳಿಗೆ ಸೆನ್ಸರ್, ಮೂಲೆಗೊಂದು ಕ್ಯಾಮೆರಾ. ಬಂದವರು ವೈರು ಎಳೆದು ಹೋದರು.

"ಉಳಿದದ್ದು ನೀನ ಮಾಡು," ಎಂದರು ಮಾವ. "ಮನ್ಯಾಗ ಕಲ್ತಾಕಿ ಇರಬೇಕಾದ್ರ ಹೊರಗಿನವ ಯಾಕ ಬೇಕು?"

ಕೆಲಸ ಇಷ್ಟೇ. ಒಂದೊಂದು ಬಾಗಿಲಿಗೂ ಒಂದೊಂದು ಕ್ಯಾಮೆರಾಕ್ಕೂ ಹೆಸರು ಕೊಡಬೇಕು. ಯಾವ ಬಾಗಿಲು ತೆರೆದರೆ ಯಾವ ಕ್ಯಾಮೆರಾ ಫೋಟೋ ಹಿಡಿಯಬೇಕು, ಯಾವ ಹೊತ್ತಿನಲ್ಲಿ, ಅದು ಯಾರ ಫೋನಿಗೆ ಹೋಗಬೇಕು ಎಂದು ಸಾಫ್ಟ್‌ವೇರಿಗೆ ಹೇಳಬೇಕು. ಇದನ್ನೇ ಇವೆಂಟ್ ಪಾಯಿಂಟ್ ಎನ್ನುತ್ತೇವೆ. ಹಿಂದಿನ ಬಾಗಿಲನ್ನು ಮರೆತವಳ ಹಾಗೆ ದಾಟಿಸಿಬಿಡೋಣ ಎಂದುಕೊಂಡಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಬೆನ್ನಿಗೇ ಕೂತರು.

"ಹಿಂದಿನ ಬಾಗ್ಲ ಎಲ್ಲದ ಇದರಾಗ?"

"ಹಾಕಾಕತ್ತೇನ್ರಿ ಅತ್ತಿ. ಅದಕ್ಕ ರಾತ್ರಿ ಅಷ್ಟ ಹಾಕಿದ್ರ ಸಾಕು. ಕಳ್ಳರು ಹಗಲ ಬರೂದಿಲ್ಲ."

"ಯಾರು ಯಾವಾಗ ಬರ್ತಾರ ಅಂಬೋದು ನನಗ ಗೊತ್ತದ. ಮುಂಜಾನಿಂದ ರಾತ್ರಿ ತನಕ ಹಾಕು. ಫೋಟೋ ನಿಮ್ಮ ಮಾವನ ಫೋನಿಗಿ ಹೋಗ್ಲಿ."

"ಹಗಲೆಲ್ಲಾ ಯಾಕ್ರಿ?"

"ಹಗಲ ಬಿಟ್ರ ಅದರಾಗ ಏನರ ಕಿತಾಪತಿ ಮಾಡ್ತಿ ನೀ. ಹಾಕು ಅಂದ್ರ ಹಾಕು."

ಹಲ್ಲು ಕಚ್ಚಿಕೊಂಡು ಹಾಕಿದೆ. ಹಾಕುವಾಗ ನನಗೊಂದು ಮಾತು ನೆನಪಾಗಿತ್ತು, ಆದರೆ ಬಾಯಿ ಬಿಡಲಿಲ್ಲ. ಇಷ್ಟು ಜಾಣರಿದ್ದಾರಲ್ಲ, ಅನುಭವಿಸಲಿ ಎಂದುಕೊಂಡೆ.

ನಮ್ಮ ಮನೆಯ ಹಿಂಬದಿಗಿರುವುದು ಬಿಸ್ಮಿಲ್ಲಾ ಬೀ ಅವರ ಮನೆ. ಮೋರಿಯ ನೀರಿನ ಜಗಳದಿಂದ ಮಾವನಿಗೂ ಆ ಮನೆಗೂ ಮಾತಿಲ್ಲ. ಆದರೆ ಮಾವ ಅಂಗಡಿಯಲ್ಲಿರುವಾಗ ಆಕೆ ಮಧ್ಯಾಹ್ನ ಹಿಂದಿನ ಬಾಗಿಲಿನಿಂದ ಬಂದು ಅತ್ತೆಯ ಜೊತೆ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅತ್ತೆ ನಗುವುದು ದಿನಕ್ಕೆ ಆ ಒಂದು ಹೊತ್ತು ಮಾತ್ರ. ಮನೆಯಲ್ಲಿ ಇದು ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆಯ ಲೆಕ್ಕದಲ್ಲಿ ಕ್ಯಾಮೆರಾ ಎಂದರೆ ಸೊಸೆಯನ್ನು ಮಾತ್ರ ನೋಡುವ ವಸ್ತು.

ಮರುದಿನ ನನಗೆ ರಜೆ. ಬಿಸ್ಮಿಲ್ಲಾ ಬೀ ಬಂದು ಕೂತು ಕಪ್ಪು ಕೈಗೆತ್ತಿಕೊಂಡಿದ್ದರಷ್ಟೇ, ಮಾವ ಫೋನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಆ ಮನಿ ಮಂದಿ ನನ್ನ ಮನ್ಯಾಗ ಕುಂತು ಚಹಾ ಕುಡ್ಯಾಕತ್ತಾರೇನು?" ಎಂದು ಅತ್ತೆಯನ್ನು ಕೇಳಿದರು. "ಇನ್ನೊಮ್ಮೆ ಇಕಿ ಈ ಬಾಗ್ಲಾಗ ಕಂಡ್ರ ನೀನೂ ಇಕಿ ಬೆನ್ನ ಹತ್ತಿ ಹೋಗು."

ಬಿಸ್ಮಿಲ್ಲಾ ಬೀ ತುಂಬಿದ ಕಪ್ಪನ್ನು ಹಾಗೇ ಕೆಳಗಿಟ್ಟು, ಸೆರಗು ಎಳೆದುಕೊಂಡು ಹೋದರು. ಅತ್ತೆ ತಲೆ ಎತ್ತಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ವಾರ ಬಿಟ್ಟು, ನಾನು ಬೇಳೆ ಆರಿಸುತ್ತ ಕೂತಿದ್ದಾಗ ಅತ್ತೆ ಬಂದು ಎದುರಿಗೆ ಕೂತರು.

"ಆ ಫೋಟೋ ಬರೋದು ಮಧ್ಯಾನ್ನ ಜರಾ ಬಂದ್ ಮಾಡಾಕ ಬರ್ತದೇನು?"

"ಬರ್ತದ್ರಿ."

"ಮಾಡು ಮತ್ತ."

"ಮಾಡ್ತೀನ್ರಿ. ಸಂಜಿದೂ ಬಂದ್ ಮಾಡ್ತೀನಿ. ಎರಡೂ ಕೂಡೇ."

ಅತ್ತೆ ನನ್ನ ಮುಖ ನೋಡಿದರು. ಒಪ್ಪುತ್ತಾರೆ ಎಂದೇ ನಾನು ತಿಳಿದಿದ್ದೆ.

"ಹಂಗಿದ್ರ ಬ್ಯಾಡ," ಎಂದು ಎದ್ದರು. "ನನ್ನ ಗೆಳತಿ ಬರದಿದ್ರ ಬರದಿರ್ಲಿ. ನಿನಗ ಮೆರ್ಯಾಕ ನಾ ಬಿಡೂದಿಲ್ಲ."

ಮಗ ಸತ್ತರೂ ಚಿಂತೆಯಿಲ್ಲ, ಸೊಸೆ ಮುಂಡೆಯಾಗಬೇಕು ಎಂಬ ಗಾದೆಯನ್ನು ಯಾರೋ ಸಿಟ್ಟಿನಲ್ಲಿ ಕಟ್ಟಿದ್ದಾರೆಂದು ತಿಳಿದಿದ್ದೆ. ಇಲ್ಲ, ಕಣ್ಣಾರೆ ಕಂಡೇ ಕಟ್ಟಿದ್ದಾರೆ.

ಆಮೇಲೆ ನಾನು ದಿನಾ ಓಡಿದೆ. ಸಂಜೆಯ ಫೋಟೋ ಬಂತೇ ಎಂದು ಅತ್ತೆ ದಿನಾ ಮಾವನನ್ನು ಕೇಳುತ್ತಿದ್ದರು, ಹಾಗಾಗಿ ಗುಟ್ಟಾಗಿ ಬಂದ್ ಮಾಡುವಂತಿರಲಿಲ್ಲ. ಮ್ಯಾನೇಜರನ ಕೈಕಾಲು ಹಿಡಿದು ಬೇಗ ಹೊರಡುತ್ತಿದ್ದೆ, ಬಸ್ಸು ಸಿಗದಿದ್ದರೆ ಸಿಕ್ಕ ಟಂಟಂ ಆಟೋ ಹತ್ತುತ್ತಿದ್ದೆ. ಒಂದು ಸಂಜೆ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ಗಾಡಿಗಳೆಲ್ಲ ನಿಂತುಬಿಟ್ಟವು. ಮನೆ ಮುಟ್ಟಿದಾಗ ಪೂರ್ತಿ ಕತ್ತಲು. ಮುಂದಿನ ಬಾಗಿಲಿಗೂ ಕ್ಯಾಮೆರಾ, ಹಿಂದಿನದಕ್ಕೂ ಕ್ಯಾಮೆರಾ, ಎರಡೂ ನಾನೇ ಹಾಕಿದ್ದು.

ಊಟದ ಹೊತ್ತಿಗೆ ಸತೀಶಕುಮಾರ ತನ್ನ ಅಪ್ಪನ ಫೋನು ನನ್ನ ತಟ್ಟೆಯ ಪಕ್ಕಕ್ಕಿಟ್ಟ. ಫೋಟೋದಲ್ಲಿ ಹಿಂದಿನ ಬಾಗಿಲು, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಚಪ್ಪಲಿ, ಕಳ್ಳಿಯ ಹಾಗೆ ನಾನು.

"ಟ್ರ್ಯಾಕ್ಟರ್ ಬಿದ್ದಿತ್ರಿ," ಎಂದೆ.

"ಕರಾರ ಅಂದ್ರ ಕರಾರ," ಎಂದ.

ಕೆಲಸ ಬಿಟ್ಟೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಮನಸಾರೆ ಅತ್ತು ಬಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಮಾವನದೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಆದರೂ ನಾವು ಹಲ್ಲು ಮಸೆಯುತ್ತಿದ್ದದ್ದು ಒಬ್ಬರ ಮೇಲೊಬ್ಬರು.

ಈಗ ಮಧ್ಯಾಹ್ನ ನಾವಿಬ್ಬರೂ ಅಡುಗೆಮನೆಯಲ್ಲೇ ಇರುತ್ತೇವೆ. ನಿನ್ನೆ ಗೋಡೆಯಾಚೆ ಬಿಸ್ಮಿಲ್ಲಾ ಬೀ ಯಾರನ್ನೋ ಕೂಗುತ್ತಿದ್ದದ್ದು ಕೇಳಿಸಿತು. ಅತ್ತೆ ಕೆಲಸ ಬಿಟ್ಟು ನನ್ನ ಹತ್ತಿರ ಬಂದು ನಿಂತರು.

"ಈಗ ನೀನೂ ಮನ್ಯಾಗ ಅದಿ," ಎಂದರು. "ಬಂದ್ ಮಾಡಿದ್ರ ಯಾರದೂ ಏನೂ ಹೋಗೂದಿಲ್ಲ. ಮಧ್ಯಾನ್ನದ್ದೊಂದು ಬಂದ್ ಮಾಡವ್ವ."

ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಅವ್ವ ಎಂದದ್ದು ಅದೇ ಮೊದಲು. ಕಣ್ಣಲ್ಲಿ ನೀರಿತ್ತು, ನೋಡಿದೆ. ನನ್ನ ಫೋನಿನಿಂದಲೇ ಆಗುವ ಕೆಲಸ, ಒಂದು ನಿಮಿಷವೂ ಬೇಡ.

"ನನಗ ಬರೂದಿಲ್ರಿ ಅತ್ತಿ," ಎಂದೆ. "ಕೆಲಸ ಬಿಟ್ಟ ಮ್ಯಾಲ ಎಲ್ಲಾ ಮರ್ತೀನಿ."