ಟೇಪ್‌ರೆಕಾರ್ಡರಿನ ತಂತಿ

ಗಂಡ ತೆಮಿರ್‌ಕುಲ್ ತೀರಿಕೊಂಡ ಮೇಲೆ ಕನಿಶಾಯ್ ನಾರಿನ್ ಪಟ್ಟಣದ ಸಂತೆಗೆ ಹೋಗಲಷ್ಟೇ ಕಾರು ತೆಗೆಯುತ್ತಿದ್ದಳು. ಪ್ರತಿ ಸಲವೂ ಬ್ಯಾಟರಿ ಖಾಲಿಯಾಗಿರುತ್ತಿತ್ತು.

ಮೆಕ್ಯಾನಿಕ್ ಆಗಿದ್ದ ಮೈದುನ ಜೂಮಾಬಾಯ್ ಬ್ಯಾಟರಿಯ ತಂತಿ ಬಿಚ್ಚಿ ನಡುವೆ ಸಣ್ಣ ಬಲ್ಬು ಸಿಕ್ಕಿಸಿದ; ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಅದು ಉರಿಯುತ್ತದೆ. ಕೀ ತೆಗೆದಿದ್ದರೂ ಬಲ್ಬು ಮಂಕಾಗಿ ಉರಿಯಿತು. ಫ್ಯೂಸುಗಳನ್ನೆಲ್ಲ ಕಿತ್ತರೂ ಆರಲಿಲ್ಲ. ಕೊನೆಗೆ, ಬ್ಯಾಟರಿಯಿಂದ ನೇರವಾಗಿ ಕಾರಿನ ಟೇಪ್‌ರೆಕಾರ್ಡರಿಗೆ ಹೋಗಿದ್ದ ತಂತಿ ಕಿತ್ತಾಗ ಆರಿತು.

"ಅತ್ತಿಗೆ, ಯಾವ ಪುಣ್ಯಾತ್ಮ ಈ ತಂತಿ ಹಿಂಗೆ ಎಳ್ದಿದ್ದು?"

"ನಿಮ್ಮಣ್ಣನೇ ಕಣೋ. ಬೆಟ್ಟದ ಹುಲ್ಲುಗಾವಲಲ್ಲಿ ನಾನು ಕುದುರೆ ಹಾಲು ಕರೀವಾಗ ಹಾಡು ಹಾಕೋರು. ಕೀ ಜೇಬಲ್ಲಿದ್ರೂ ಹಾಡು ನಿಲ್ಬಾರ್ದು ಅಂತ."

"ಅಣ್ಣ ದಿನಾ ಕಾರು ಓಡಿಸ್ತಿದ್ದ, ಬ್ಯಾಟರಿ ಮತ್ತೆ ತುಂಬ್ಕೋತಿತ್ತು. ಈಗ ಕಿತ್ತಾಕ್ಲಾ?"

"ಬೇಡಪ್ಪ. ಒಂದು ಸ್ವಿಚ್ ಹಾಕ್ಕೊಡು."

ಜೂಮಾಬಾಯ್ ಹಾಕಿಕೊಟ್ಟ ಸ್ವಿಚ್ಚನ್ನು ಕನಿಶಾಯ್ ಒತ್ತಿದಾಗ ಒಳಗಿದ್ದ ಹಳೆಯ ಕ್ಯಾಸೆಟ್ಟು ಹಾಡತೊಡಗಿತು. ಹಾಡು ಮುಗಿದ ಮೇಲೆ ಅವಳೇ ಸ್ವಿಚ್ ಆರಿಸಿದಳು.