ಯಾರೂ ಬರೆಯದ ಸಾಲು

ನಾನು ಕಂಪ್ಯೂಟರ್‌ಗಳ ಮೇಲಿನ ಬಟ್ಟೆಗಳನ್ನು ತೆಗೆದು ಕಿಟಕಿಯಾಚೆ ಝಾಡಿಸಿ ಮಡಚುತ್ತಿದ್ದೆ. ಜಬೀನ ಬಂದವಳೇ ಚೀಲ ಕೆಳಗಿಟ್ಟು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಎಲ್ಲ ಬಟ್ಟೆ ಮಡಚಿಯಾದ ಮೇಲೆ ಅವಳು ಹೋಗಿ ತನ್ನ ಜಾಗದಲ್ಲಿ ಕೂತು ಪುಸ್ತಕ ತೆರೆದಳು. ಅವಳೂರು ಪುರ್ತಗೇರಿಯ ಬಸ್ಸು ಬೇಗ ಬರುತ್ತಿದ್ದುದರಿಂದ ಕ್ಲಾಸಿಗೆ ದಿನಾ ಮೊದಲು ಬರುವವಳು ಅವಳೇ.

ಗಜೇಂದ್ರಗಡದ ಬಜಾರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಹೂವಪ್ಪ ಸರ್ ಆ ಕ್ಲಾಸು ನಡೆಸುತ್ತಿದ್ದರು. ದೊಡ್ಡ ಆಫೀಸುಗಳ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಕೆಲಸದ ಪರೀಕ್ಷೆಗೆ ತಯಾರಿ. ಪರೀಕ್ಷೆ ಹುಬ್ಬಳ್ಳಿಯಲ್ಲಿ. ಏಳನೇ ಇಯತ್ತೆಗೇ ಸಾಲೆ ಬಿಟ್ಟಿದ್ದ ನಾನು ಅಲ್ಲಿ ಕಸ ಹೊಡೆದು ಚಹಾ ತರುತ್ತಿದ್ದೆ. ಉಳಿದ ಹೊತ್ತು ಬಾಗಿಲ ಹತ್ತಿರ ಕೂತಿರುತ್ತಿದ್ದೆ.

ಜಬೀನಳ ಅಪ್ಪ ಜಂಗ್ಲಿಸಾಬ ಒಮ್ಮೆ ಮೇಲೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಲ್ಲೇ ನಿಂತು ಹೇಳಿದ್ದ: "ಹುಬ್ಬಳ್ಳಿಗೆ ಕ್ಲಾಸಿನವರ ಜೋಡಿ ಹೋಗಿ ಬರೂದಾದ್ರ ಕಳಸ್ತೀನ್ರಿ. ಅಷ್ಟು ದೂರ ಒಬ್ಬಾಕಿನ್ನ ಬಸ್ಸಿನ್ಯಾಗ ಕಳಸಂಗಿಲ್ಲ. ಈ ಸಲ ಆದ್ರ ಆತು, ಇಲ್ಲಂದ್ರ ಓದು ಸಾಕು."

"ನಮ್ಮ ಗಾಡ್ಯಾಗ ಒಯ್ದು ನಮ್ಮ ಗಾಡ್ಯಾಗ ತಂದು ಬಿಡ್ತೀವ್ರಿ, ಚಿಂತಿ ಮಾಡಬ್ಯಾಡ್ರಿ" ಎಂದಿದ್ದರು ಸರ್.

ಕ್ಲಾಸಿನಲ್ಲಿದ್ದ ಒಂದೇ ಒಂದು ರೂಟರ್ ಕೆಟ್ಟು ಕೂತಿತ್ತು. ಹಾಗಾಗಿ ಸರ್ ಹುಡುಗರನ್ನೇ ಯಂತ್ರ ಮಾಡಿ ಪಾಠ ಹೇಳುತ್ತಿದ್ದರು. ಎಲ್ಲರೂ ಎರಡು ಸಾಲಾಗಿ ಕೂಡಬೇಕು. ನೇರವಾಗಿ ಮಾತಾಡುವ ಹಾಗಿಲ್ಲ, ಚೀಟಿ ಬರೆಯಬೇಕು. ಮುತ್ತಣ್ಣ ಸ್ವಿಚ್. ಯಾರು ಎಲ್ಲಿ ಕೂತಿದ್ದಾರೆಂದು ನೆನಪಿಟ್ಟು ಒಂದು ಸಾಲಿನೊಳಗಿನ ಚೀಟಿಗಳನ್ನು ಮುಟ್ಟಿಸುವುದು ಅವನ ಕೆಲಸ. ಒಂದು ಸಾಲಿನಿಂದ ಇನ್ನೊಂದಕ್ಕೆ ಚೀಟಿ ಹೋಗಬೇಕೆಂದರೆ ನಡುವೆ ನಿಂತ ಮಹೇಶ್ವರಿಯ ಕೈ ದಾಟಬೇಕು. ಅವಳು ರೂಟರ್.

ಮೊದಲ ದಿನವೇ ಜಬೀನ ಹಸೀನಾಗೆ ಬರೆದ ಚೀಟಿಯನ್ನು ಮುತ್ತಣ್ಣ ಬಾಷಾನಿಗೆ ಕೊಟ್ಟುಬಿಟ್ಟ.

"ಮುತ್ತಣ್ಣ, ಸ್ವಿಚ್‌ಗೆ ನೆನಪಿರಬೇಕೋ. ನಿನಗ ಚಪ್ಪಲಿ ಎಲ್ಲಿ ಬಿಟ್ಟೀನಿ ಅನ್ನೂದ ನೆನಪಿರಂಗಿಲ್ಲ" ಎಂದಳು ಜಬೀನ. ಹಿಂದಿನ ದಿನ ಅವನು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ. ಕ್ಲಾಸೆಲ್ಲ ನಕ್ಕಿತು. ಮುತ್ತಣ್ಣನೂ ನಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು. ಪರೀಕ್ಷೆಗೆ ಎಲ್ಲರನ್ನೂ ಹುಬ್ಬಳ್ಳಿಗೆ ಒಯ್ಯಲಿದ್ದ ಕ್ರೂಸರ್ ಗಾಡಿ ಅವನ ಕಾಕಾನದು.

ಮರುವಾರ ಸರ್ ಹೊಸ ಪಾಠ ತೆಗೆದರು.

"ರೂಟರ್ ಕೈಯಾಗ ಒಂದು ಹೆಸರಿನ ಪಟ್ಟಿ ಇರ್ತದ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು. ಮ್ಯಾಲಿಂದ ಕೆಳಗ ಓದ್ತದ. ಎಲ್ಲಿ ತಾಳೆ ಆತೋ ಅಲ್ಲಿಗೆ ನಿಂತ ಬಿಡ್ತದ, ಮುಂದ ಓದಂಗಿಲ್ಲ. ಎಲ್ಲೂ ಸಿಗಲಿಲ್ಲಂದ್ರ? ಕಡೀಕ ಯಾರೂ ಬರೀದ ಒಂದು ಸಾಲು ಇರ್ತದ. ಉಳಿದವರು ಯಾರೂ ಬ್ಯಾಡ. ಅದು ಕಣ್ಣಿಗೆ ಕಾಣಂಗಿಲ್ಲ, ಆದ್ರ ಇರ್ತದ."

ಪಟ್ಟಿ ಬರೆಸಿದವನು ಮುತ್ತಣ್ಣ. ಮಹೇಶ್ವರಿ ಬರೆದುಕೊಂಡಳು. ಬಾಷಾ, ಹಸೀನಾ, ಕಳಕಪ್ಪ, ಹೀಗೆ ಎಲ್ಲರ ಹೆಸರೂ ಬಂತು. ಜಬೀನಳದು ಬರಲಿಲ್ಲ.

ಅವಳ ಚೀಟಿಯನ್ನು ಮಹೇಶ್ವರಿ ಕಸದ ಡಬ್ಬಿಗೆ ಹಾಕಿದಳು.

"ಯಾಕ ಒಗದಿ?"

ಮಹೇಶ್ವರಿ ಮುಂದಿನ ಚೀಟಿಗೆ ಕೈ ಚಾಚಿದಳು. ಬಾಷಾ ಕೈ ಎತ್ತಿ ಕೇಳಿದ: "ಸರ್, ಒಗದದ್ದನ್ನ ರೂಟರ್ ತಿಳಸಬೇಕೇನ್ರಿ?"

"ತಿಳಸಬೇಕಂತೇನಿಲ್ಲ. ಸುಮ್ನ ಒಗಿಬಹುದು."

"ಹಂಗಾರ ಬರೋಬ್ಬರಿ ಐತಿ ಬಿಡ್ರಿ" ಎಂದ ಬಾಷಾ. ಮತ್ತೆ ಎಲ್ಲರೂ ನಕ್ಕರು. ಜಬೀನಳೂ ನಕ್ಕಳು. ಆಟವೆಂದು ತಿಳಿದಿದ್ದಳು.

ಪಾಠ ಮುಗಿದರೂ ಆಟ ಮುಗಿಯಲಿಲ್ಲ. ಚಹಾದ ಹೊತ್ತಿಗೆ ಅವಳು ಏನಾದರೂ ಕೇಳಿದರೆ ಎಲ್ಲರೂ ಕಪ್ಪಿನೊಳಗೆ ನೋಡುತ್ತಿದ್ದರು. ಪಕ್ಕದಲ್ಲಿ ಕೂಡುತ್ತಿದ್ದ ಹಸೀನಾ ಮೂರನೆಯ ದಿನ ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಜಬೀನ ನನ್ನ ಹತ್ತಿರ ನೀರು ಕೇಳಿದಾಗ ಮುತ್ತಣ್ಣ, "ಗಾಳೆವ್ವ ನೆಟ್‌ವರ್ಕಿನ್ಯಾಗ ಇಲ್ಲ, ಆಕಿ ಜೋಡಿ ಎಷ್ಟ ಬೇಕಾದ್ರೂ ಮಾತಾಡ್ಲಿ" ಎಂದ. ನಾನು ನೀರು ಕೊಟ್ಟೆ. ಅವಳು ಕುಡಿಯದೆ ಲೋಟ ಹಿಡಿದುಕೊಂಡು ನಿಂತಳು.

ಕೊನೆಗೆ ಸರ್ ಹತ್ತಿರ ಹೋದಳು.

"ಸರ್, ಇವರು ನನ್ನ ಜೋಡಿ ಮಾತಾಡವಲ್ರು."

ಸರ್‌ಗೆ ಖುಷಿಯಾಯಿತು. "ಪಾಠ ತಲ್ಯಾಗ ಹೊಕ್ಕದ ಅಂದಂಗಾತು! ನೀನೂ ಕಲತೀಯಲ್ಲ? ಪಟ್ಟಿ ತಿದ್ದು. ಹಾದಿ ಮಾಡ್ಕೋ."

ಅವಳು ಅಲ್ಲೇ ಪೆನ್ನು ತೆಗೆದು ಮಹೇಶ್ವರಿಯ ಕೈಯಿಂದ ಪಟ್ಟಿ ಇಸಿದುಕೊಂಡು, ಕೆಳಗೆ ದುಂಡಗೆ ತನ್ನ ಹೆಸರು ಬರೆದಳು. ಒಂದು ಚೀಟಿಯನ್ನೂ ಬರೆದು ಕೊಟ್ಟಳು. ಮಹೇಶ್ವರಿ ಪಟ್ಟಿ ನೋಡಿ ಚೀಟಿಯನ್ನು ಡಬ್ಬಿಗೆ ಹಾಕಿದಳು.

"ಹೆಸರು ಬರದೀನಲ್ಲ!"

ಮುತ್ತಣ್ಣ ಎದ್ದು ಬಂದು ಪಟ್ಟಿಯ ಮೇಲೆ ಬೆರಳಿಟ್ಟ. ಅವಳ ಹೆಸರಿನ ಮೇಲಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಪುರ್ತಗೇರಿಯಿಂದ ಬಂದವರನ್ನು ಬಿಡಬಾರದು.

"ಮ್ಯಾಲಿಂದ ಓದಬೇಕಲ್ರಿ ಸರ್? ಇಲ್ಲಿಗೆ ನಿಂತ ಬಿಡ್ತು. ಈಕಿ ಹೆಸರಿನ ತನಕ ರೂಟರ್ ಬರೂದ ಇಲ್ಲ."

ಸರ್ ಚಪ್ಪಾಳೆ ತಟ್ಟಿದರು. "ಶಾಬಾಸ್! ಪರೀಕ್ಷಾದಾಗ ಇದನ್ನ ಕೇಳ್ತಾರ ನೋಡು. ಎಲ್ಲಾರೂ ಬರಕೊಳ್ರಿ."

ಎಲ್ಲರೂ ಬರೆದುಕೊಂಡರು. ಜಬೀನಳೂ ಬರೆದುಕೊಂಡಳು, ಯಾಕೆಂದರೆ ಉತ್ತರ ಸರಿಯಾಗಿತ್ತು.

ಪರೀಕ್ಷೆಯ ಹಿಂದಿನ ದಿನ ಸರ್ ತಮ್ಮೂರು ರೋಣಕ್ಕೆ ಹೊರಟರು. ಅಲ್ಲಿಯೇ ಗಾಡಿ ಹತ್ತುತ್ತೇನೆಂದರು. ಹೊರಡುವಾಗ ಮೆಟ್ಟಿಲ ಮೇಲಿಂದಲೇ, "ಗಾಡ್ಯಾಗ ಯಾರ್ಯಾರಂತ ರೂಟರೇ ನೋಡ್ಕೊಳ್ಳಲಿ" ಎಂದು ನಗೆಯಾಡಿದರು.

ಮುಂಜಾನೆ ಚಹಾದ ಥರ್ಮಾಸ್ ತಗೊಂಡು ಬಸ್ ಸ್ಟ್ಯಾಂಡಿಗೆ ಬಾ ಎಂದು ನನಗೆ ಹೇಳಿದ್ದರು. ಕ್ರೂಸರ್ ನಿಂತಿತ್ತು, ಎಲ್ಲರೂ ಹತ್ತಿದ್ದರು. ಹುಬ್ಬಳ್ಳಿಯ ಮೊದಲ ಬಸ್ಸು ಹೋಗಿಯಾಗಿತ್ತು. ಮುಂದಿನದನ್ನು ಹಿಡಿದರೆ ಪರೀಕ್ಷೆಯ ಹೊತ್ತು ಮೀರುತ್ತಿತ್ತು. ಜಂಗ್ಲಿಸಾಬ ಮಗಳನ್ನು ಲೂನಾದಿಂದ ಇಳಿಸಿದ. ಗಾಡಿಯೊಳಗಿನ ಮುಖಗಳನ್ನೆಲ್ಲ ನೋಡಿ ಸಮಾಧಾನವಾಗಿ, ಮುತ್ತಣ್ಣನಿಗೆ ಕೈ ಎತ್ತಿ ಸಲಾಮು ಮಾಡಿದ. ಮುತ್ತಣ್ಣನೂ ಕೈ ಎತ್ತಿದ. ಲೂನಾದ ಸದ್ದು ದೂರವಾಯಿತು.

ನಾನು ಮೊದಲ ಕಪ್ಪನ್ನು ಜಬೀನಳ ಕೈಗೆ ಕೊಟ್ಟೆ.

"ಏ ಗಾಳೆವ್ವ, ಗಾಡ್ಯಾಗಿನವ್ರಿಗೆ ಮೊದಲ ಕೊಡು. ಆಕಿ ಗಾಡ್ಯಾಗಿನಾಕಿ ಅಲ್ಲ" ಎಂದ ಬಾಷಾ.

ಒಳಗಿನಿಂದ ನಗೆ ಕೇಳಿತು. ಜಬೀನ ಕಪ್ಪನ್ನು ನನಗೆ ವಾಪಸು ಕೊಟ್ಟು ಗಾಡಿಯ ಹಿಂದಿನ ಬಾಗಿಲಿಗೆ ಹೋದಳು. ಮುಂದೆ ಸರ್‌ಗೆ ಬಿಟ್ಟದ್ದಲ್ಲದೆ ಹಿಂದೆ ಒಂದು ಸೀಟು ಖಾಲಿ ಇತ್ತು. ಅದರ ಮೇಲೆ ಮಹೇಶ್ವರಿಯ ಚೀಲವಿತ್ತು. ಹಸೀನಾ ಆಚೆ ಬದಿಯ ಕಿಟಕಿಯಿಂದ ಮುಚ್ಚಿದ ಅಂಗಡಿಗಳನ್ನು ನೋಡುತ್ತಿದ್ದಳು. ಮುಂದೆ ಮುತ್ತಣ್ಣ ಕಾಕಾನಿಗೆ, "ಎಲ್ಲಾರೂ ಬಂದಾರ, ನಡಿ" ಎಂದ. ಗಾಡಿ ಚಾಲೂ ಆಯಿತು.

ಜಬೀನ ಬಾಗಿಲಿನ ಅಂಚು ಹಿಡಿದುಕೊಂಡಳು.

"ಮಹೇಶ್ವರಿ, ಆ ಚೀಲ ತೊಡಿ ಮ್ಯಾಲ ಇಟ್ಕೋ. ನಾ ಕೂಡ್ತೀನಿ."