ಸುಮ್ಮನಿರಲಾರದ ಕೈ

ಗಾಜಿನ ಪೆಟ್ಟಿಗೆಯ ಮೇಲೆ ಯಾರದೋ ಬೆರಳಚ್ಚು, ಒರೆಸಬೇಕೆನ್ನಿಸುತ್ತದೆ ಅವನಿಗೆ, ಒರೆಸಬಾರದು, ಇಲ್ಲಿ ಏನು ಮುಟ್ಟಿದರೂ ಮತ್ತೆ ಮೊಣಕೈವರೆಗೆ ತೊಳೆ, ಉಗುರಿನ ಸಂದಿ ಬೇರೆ, ಏನ್ರೀ ಅಪ್ಪಾ, ಇಡೀ ಬೇಕರೀನೇ ಉಗುರಲ್ಲಿ ಹೊತ್ಕೊಂಡು ಬಂದಿದ್ದೀರಲ್ಲ ಅಂದಿದ್ದಳು ನರ್ಸಮ್ಮ, ನಗುತ್ತಲೇ, ಆದರೂ ಮೂರು ಸಲ ತೊಳೆಸಿದಳು — ಒಳಗೆ ಮಗಳು, ಮಗಳು ಅನ್ನುವುದಕ್ಕೂ ಅಂಜಿಕೆ, ತೂಗಿದರೆ ಎರಡು ಪೌಂಡು ಬ್ರೆಡ್ಡು, ಅದರಲ್ಲೂ ಅರ್ಧ ವೈರು, ಉಬ್ಬುವ ಮೊದಲೇ ಹೊರಗೆ ತೆಗೆದ ಹಾಗೆ ಅಂತ ಮೊನ್ನೆ ಭಟ್ಟಿಯ ಮುಂದೆ ನಿಂತಾಗ ಅನ್ನಿಸಿ ಬಾಯಿಗೆ ತಾನೇ ಬಡಿದುಕೊಂಡಿದ್ದ, ಏಳು ತಿಂಗಳಿಗೇ ಏನವಸರ, ಅವಸರ ನಿಮ್ಮ ಕಡೇದು ಅಳಿಯಂದ್ರೇ, ನಮ್ಮನೇಲಿ ಎಲ್ಲ ನಿಧಾನ, ಅತ್ತೆಗೆ ಇಂಥ ಹೊತ್ತಿನಲ್ಲೂ ಚುಚ್ಚಬೇಕು, ಚುಚ್ಚಿ ಆಮೇಲೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳಬೇಕು.

ಗಂಟಲಿನ ಕೊಳವೆ ಈಗಷ್ಟೇ ತೆಗೆದಿದ್ದಾರೆ, ಮೂಗಿಗೆ ಬರೀ ಗಾಳಿಯ ನಳಿಕೆ, ಇನ್ನು ಇವಳೇ ಉಸಿರಾಡ್ಬೇಕು, ನೋಡೋಣ, ಆಗದಿದ್ರೆ ಮತ್ತೆ ಹಾಕ್ತೀವಿ, ಪದೇಪದೇ ಹಾಕೋದು ಒಳ್ಳೇದಲ್ಲ ಅಂದರು ಡಾಕ್ಟರು, ಆ ಒಳ್ಳೇದಲ್ಲ ಅನ್ನುವುದರ ಹಿಂದೆ ಏನಿದೆ ಎಂದು ಕೇಳುವ ಧೈರ್ಯ ಯಾರಪ್ಪನಿಗಿದೆ, ತಿಂಗಳು ತುಂಬದ ಕೂಸುಗಳು ಉಸಿರಾಡೋದನ್ನೇ ಮರೀತಾವೆ ಅಪ್ಪಾ, ಪಾದ ತಟ್ಟಿ ನೆನಪಿಸ್ಬೇಕು ಅಂದಿದ್ದಳು ನರ್ಸಮ್ಮ — ಮರೆಯುವುದು ಹೇಗೆ, ಕೊಡೆ ಮರೆಯಬಹುದು, ಮದುವೆಯಾದ ದಿನ ಮರೆಯಬಹುದು, ಉಸಿರನ್ನು? — ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ, ಹೆಬ್ಬೆರಳು ಒತ್ತಿದಷ್ಟು, ಬಿಟ್ಟಾಗ ತುಂಬುತ್ತದೆ, ಬೀಳುತ್ತದೆ, ತುಂಬುತ್ತದೆ.

ಬನ್ನಿ, ಕೈ ಒಳಗೆ ಬಿಡಿ, ಒಂದು ತಲೆಗೆ, ಒಂದು ಪಾದಕ್ಕೆ, ಅವಳಿಗೆ ಧೈರ್ಯ ಬರ್ಲಿ. ಬೇಡ ಸಿಸ್ಟರ್, ನನ್ನ ಕೈ ಸುಮ್ನಿರಲ್ಲ. ನಿನ್ನೆಯೂ ಸುಮ್ಮನಿರಲಿಲ್ಲ, ಜೀವಮಾನವೆಲ್ಲ ಹಿಟ್ಟು ನಾದಿದ ಬೆರಳು ತಾನಾಗಿ ಓಡಿತು, ಆ ಬೆನ್ನನ್ನು ಮೆಲ್ಲಗೆ ಸವರಿತು, ಯಾವ ತಂದೆ ಸವರುವುದಿಲ್ಲ, ಕೂಸು ಬೆಚ್ಚಿ ಕೈಕಾಲು ಚಾಚಿತು, ಮಾನಿಟರಿನ ತೆರೆಯ ಮೇಲಿನ ಅಂಕಿಗಳು ಕುಸಿದವು, ಅಲಾರಾಂ, ತೆಗೀರಿ, ಕೈ ತೆಗೀರಿ, ಸವರಬಾರದು, ಇವುಗಳ ಮೈ ತಡ್ಕೊಳ್ಳಲ್ಲ, ಇಟ್ಟ ಕೈ ಇಟ್ಟ ಹಾಗೇ ಇರ್ಬೇಕು. ಮೇಲಿನ ವಾರ್ಡಿನಲ್ಲಿ ಹೆಂಡತಿ, ಬಿ.ಪಿ. ಇಳಿದಿಲ್ಲ, ಇನ್ನೂ ಕೂಸಿನ ಮುಖ ಕಂಡಿಲ್ಲ, ನಿನ್ನೆ ರಾತ್ರಿ ಕೇಳಿದಳು, ಮುಟ್ಟಿದ್ರಾ? ಮುಟ್ಟಿದೆ. ಹೇಗಿದ್ದಾಳೆ? ರೇಷ್ಮೆ ಕಣೇ. ನಾಳೆ ನನ್ನ ಪಾಲಿಂದೂ ಸೇರಿಸಿ ಮುಟ್ರೀ. ಅಲಾರಾಂ ಕೂಗಿದ್ದನ್ನು ಹೇಳಲಿಲ್ಲ, ಹೇಳಿದರೆ ಅವಳ ಬಿ.ಪಿ. ಎಲ್ಲಿಗೆ ಹೋದೀತು.

ಬಿಟ್ಟ, ಎರಡೂ ಕೈ, ತಲೆ ಅಂಗೈಯೊಳಗೆ, ಪಾದಗಳು ಇನ್ನೊಂದರೊಳಗೆ, ಒಳಗೆ ಬೆಚ್ಚಗಿದೆ, ಬೆರಳ ತುದಿಗೆ ತುರಿಕೆ, ಒಂದೇ ಒಂದು ಸಲ ಸವರು ಎನ್ನುತ್ತದೆ, ಬೇಡ, ಕಲ್ಲಾಗು, ಮುಟ್ಟಿಮುಟ್ಟಿ ನೋಡೋನ ಬ್ರೆಡ್ಡು ಇಟ್ಟಿಗೆ ಕಣೋ ಅಂತ ಕೈ ಮೇಲೆ ಬಾರಿಸುತ್ತಿದ್ದ ಬೇಕರಿಯ ಹಳೆ ಮೇಸ್ತ್ರಿ, ಗುಳಿ ಬಿತ್ತು, ತುಂಬಿತು, ಬಿತ್ತು, ತುಂಬಿತು, ಇದೇ ತಾಳ ಹಿಡಿಯಮ್ಮಾ, ನಿನ್ನ ತಾಯಿಯ ಕೈಯೂ ಇದರಲ್ಲಿದೆ, ಬಿತ್ತು, ತುಂಬಿತು, ತುಂಬಿಯೇ ಇದೆ — ಸಿಸ್ಟರ್ — ತುಂಬಿಯೇ ಇದೆ, ಎದೆ ನುಣ್ಣಗೆ, ಸಿಸ್ಟರ್, ಮರೆತಳು, ಅಲ್ಲಾಡಿಸಲಾ, ಇರಿ, ಅಲ್ಲಾಡಬೇಡಿ, ನಾನಿದ್ದೀನಿ, ಅವಳ ಬೆರಳು ಪಾದ ತಟ್ಟಲೆಂದು ಬರುತ್ತಿದೆ, ದೂರದಿಂದ, ಎಷ್ಟು ದೂರದಿಂದ, ಅವನ ಕೈ ಇಟ್ಟ ಹಾಗೇ ಇದೆ, ಉಸಿರು ಅವನದೂ ನಿಂತಿದೆ, ಗುಳಿ ಇಲ್ಲ, ಗುಳಿ ಬೀಳಲಿ, ಹೆಬ್ಬೆರಳಷ್ಟು, ಬೇಡ ಸಾಸಿವೆಯಷ್ಟು, ಬೀಳಲಿ, ಇಲ್ಲ, ಇಲ್ಲ — ಬಿತ್ತು. ತಾನೇ ಬಿತ್ತು. ನರ್ಸಮ್ಮನ ಬೆರಳು ಗಾಳಿಯಲ್ಲೇ ನಿಂತಿದೆ. ತುಂಬಿತು. ಈಗ ಮತ್ತೆ. ಗುಳಿ. ಗುಳಿ.